ಮೊದಲ ಎರಡು ಗಂಟೆ: ಅರಿವಳಿಕೆಯ ಅನಿಲ ಮತ್ತು ಶಸ್ತ್ರಚಿಕಿತ್ಸೆಯ ನಂತರದ ವಾಂತಿ

ಶಸ್ತ್ರಚಿಕಿತ್ಸೆ ಮುಗಿದು ಪ್ರಜ್ಞೆ ಮರಳುತ್ತಿರುವ ರೋಗಿಯ ಪಕ್ಕದಲ್ಲಿ ನಿಂತವರಿಗೆ ಇದು ಗೊತ್ತು. ತುಟಿ ಬಿಳಿಚುತ್ತದೆ, ಹಣೆಯಲ್ಲಿ ತಣ್ಣನೆಯ ಬೆವರು ಮೂಡುತ್ತದೆ, ಬಾಯಲ್ಲಿ ನೀರೂರಿ ಮೇಲಿಂದ ಮೇಲೆ ಉಗುಳು ನುಂಗತೊಡಗುತ್ತಾರೆ. ನರ್ಸ್ ಅವರನ್ನು ಮಗ್ಗುಲಿಗೆ ಹೊರಳಿಸಿ ಗಲ್ಲದ ಕೆಳಗೆ ಟ್ರೇ ಹಿಡಿಯುವಷ್ಟರಲ್ಲಿ ವಾಂತಿ ಆಗಿಬಿಟ್ಟಿರುತ್ತದೆ. ‘ಆಪರೇಷನ್ ಅಂದಮೇಲೆ ಇದೆಲ್ಲ ಇದ್ದದ್ದೇ’ ಎಂದು ಮನೆಯವರಿಗೆ ಸಮಾಧಾನ ಹೇಳುತ್ತೇವೆ. ಈ ‘ಇದ್ದದ್ದೇ’ಯಲ್ಲಿ ದೊಡ್ಡ ಪಾಲು ನಾವೇ ಆಯ್ದು ಕೊಟ್ಟ ಅನಿಲದ್ದು ಎಂಬುದು ಈ ಲೇಖನದ ವಾದ.

ದೂರು ಹಳೆಯದು. 1846ರಲ್ಲಿ ಬಾಸ್ಟನ್ನಿನಲ್ಲಿ ಈಥರ್ ಪ್ರಯೋಗವಾದ ಎರಡೇ ವರ್ಷಕ್ಕೆ ಲಂಡನ್ನಿನ ಜಾನ್ ಸ್ನೋ ಕ್ಲೋರೋಫಾರ್ಮಿನ ಬೆನ್ನಿಗೆ ಬರುವ ವಾಂತಿಯ ಬಗ್ಗೆ ಬರೆದಿದ್ದ. ಈಥರ್ ಹೋಯಿತು, ಹ್ಯಾಲೋಥೇನ್ ಬಂತು, ಈಗ ಐಸೋಫ್ಲುರೇನ್, ಸೆವೋಫ್ಲುರೇನ್‌ಗಳಿವೆ. ಪ್ರಮಾಣ ತಗ್ಗಿದರೂ ಇಂದಿಗೂ ಸುಮಾರು ಶೇ. 30ರಷ್ಟು ರೋಗಿಗಳಿಗೆ ಈ ತೊಂದರೆ ತಪ್ಪಿಲ್ಲ. ಹೊಲಿಗೆಯ ಮೇಲೆ ಎಳೆತ, ರಕ್ತಸ್ರಾವ, ಶ್ವಾಸನಾಳಕ್ಕೆ ಆಹಾರ ನುಗ್ಗುವ ಅಪಾಯ ಇದರ ಹಿಂದೆಯೇ ಬರುತ್ತವೆ.

ಕಾರಣವನ್ನು ಬಿಡಿಸಿ ತೋರಿಸಿದ್ದು 2002ರಲ್ಲಿ ಕ್ರಿಶ್ಚಿಯನ್ ಆಪ್‌ಫೆಲ್ ಮತ್ತು ಸಂಗಡಿಗರ ಪ್ರಯೋಗ. ವಾಂತಿಯ ಸಂಭವ ಹೆಚ್ಚಿರುವ 1180 ಮಕ್ಕಳು ಮತ್ತು ವಯಸ್ಕರಲ್ಲಿ ಕೆಲವರಿಗೆ ಅನಿಲ, ಕೆಲವರಿಗೆ ರಕ್ತನಾಳದ ಮೂಲಕ ಪ್ರೊಪೊಫಾಲ್ ಎಂಬ ಅರಿವಳಿಕೆ ಔಷಧ ಕೊಟ್ಟು, ಮೊದಲ ಎರಡು ಗಂಟೆಯನ್ನೂ ಮುಂದಿನ ಇಪ್ಪತ್ತೆರಡು ಗಂಟೆಯನ್ನೂ ಬೇರೆಬೇರೆಯಾಗಿ ಲೆಕ್ಕ ಹಾಕಿದರು. ಹೀಗೆ ಕಾಲವನ್ನು ಸೀಳಿದ್ದೇ ಆ ಅಧ್ಯಯನದ ಹೆಚ್ಚುಗಾರಿಕೆ ಎಂದು ನನ್ನ ಅಭಿಪ್ರಾಯ. ಮೊದಲ ಎರಡು ಗಂಟೆಯ ವಾಂತಿಗೆ ಅನಿಲವೇ ಮುಖ್ಯ ಕಾರಣವಾಗಿ ಕಂಡಿತು. ಅನಿಲ ಸೇವಿಸಿದಷ್ಟೂ ವಾಂತಿ ಹೆಚ್ಚಿತು. ಐಸೋಫ್ಲುರೇನ್, ಎನ್‌ಫ್ಲುರೇನ್, ಸೆವೋಫ್ಲುರೇನ್‌ಗಳಲ್ಲಿ ಯಾವುದೂ ಈ ಆರೋಪದಿಂದ ಪಾರಾಗಲಿಲ್ಲ. ಎರಡು ಗಂಟೆ ಕಳೆದ ಮೇಲೆ ಅನಿಲದ ಪ್ರಭಾವ ಹಿಂದೆ ಸರಿದು, ನೋವಿಗೆಂದು ಕೊಟ್ಟ ಮಾರ್ಫಿನ್ ಜಾತಿಯ ಔಷಧಗಳ ಸರದಿ ಬಂತು. ಹೊರಗಿನಿಂದ ಒಂದೇ ರೀತಿ ಕಾಣುವ ಈ ವಾಂತಿಗಳ ಬೇರು ಬೇರೆಬೇರೆ.

ಇವುಗಳ ಜೊತೆಗೆ ಬೆರೆಸಿ ಕೊಡುವ ಇನ್ನೊಂದು ಅನಿಲ ನೈಟ್ರಸ್ ಆಕ್ಸೈಡಿನ ವಿಷಯದಲ್ಲಿ ಅವಧಿ ಮುಖ್ಯ. ಒಂದು ಗಂಟೆಯೊಳಗಿನ ಬಳಕೆಯಲ್ಲಿ ಅದರ ಕೆಡುಕು ಅಲ್ಪ; ಹೊತ್ತು ಬೆಳೆದಂತೆ ಏರುತ್ತದೆ.

2004ರಲ್ಲಿ ಅದೇ ಗುಂಪು 5000ಕ್ಕೂ ಹೆಚ್ಚು ರೋಗಿಗಳಲ್ಲಿ ವಾಂತಿ ತಡೆಯುವ ಉಪಾಯಗಳನ್ನು ಅಳೆಯಿತು. ಒಂಡಾನ್ಸೆಟ್ರಾನ್, ಡೆಕ್ಸಾಮೆಥಸೋನ್, ಡ್ರೊಪೆರಿಡಾಲ್ ಎಂಬ ಔಷಧಗಳು ಒಂದೊಂದೂ ಸಂಭವವನ್ನು ಸುಮಾರು ಶೇ. 26ರಷ್ಟು ಇಳಿಸಿದವು. ಅನಿಲದ ಬದಲು ಪ್ರೊಪೊಫಾಲ್ ಬಳಸಿದಾಗ ಶೇ. 19, ನೈಟ್ರಸ್ ಆಕ್ಸೈಡ್ ಬಿಟ್ಟಾಗ ಶೇ. 12 ಇಳಿಯಿತು. ಅನಿಲಗಳೆರಡನ್ನೂ ದೂರವಿಟ್ಟರೆ ಒಂದು ಔಷಧ ಕೊಟ್ಟಷ್ಟೇ ಫಲ ಎಂದಾಯಿತು.

ಹಾಗೆಂದು ಎಲ್ಲರಿಗೂ ಪ್ರೊಪೊಫಾಲ್ ಎನ್ನಲಾಗದು. ಅದಕ್ಕೆ ನಂಬಬಹುದಾದ ಪಂಪು ಬೇಕು, ನಿದ್ರೆಯ ಆಳದ ಮೇಲೆ ಕಣ್ಣಿರಬೇಕು. ಆದ್ದರಿಂದ ಯಾರಿಗೆ ಬೇಕು ಎಂಬುದನ್ನು ಮೊದಲೇ ಗುರುತಿಸಬೇಕು. ಆಪ್‌ಫೆಲ್ 1999ರಲ್ಲಿ ಕೊಟ್ಟ ಅಳತೆಯಲ್ಲಿ ನಾಲ್ಕೇ ಅಂಶಗಳಿವೆ: ಹೆಣ್ಣಾಗಿರುವುದು, ಧೂಮಪಾನ ಮಾಡದಿರುವುದು, ಹಿಂದಿನ ಆಪರೇಷನ್ನಿನಲ್ಲೋ ಪ್ರಯಾಣದಲ್ಲೋ ವಾಂತಿಯಾಗಿರುವುದು, ಮುಂದೆ ಮಾರ್ಫಿನ್ ಜಾತಿಯ ಔಷಧ ಬೇಕಾಗುವುದು. ಒಂದೂ ಇಲ್ಲದವರಲ್ಲಿ ಸಂಭವ ಶೇ. 10, ನಾಲ್ಕೂ ಇದ್ದರೆ ಶೇ. 79.

ಮೂರನೆಯ ಅಂಶ ನಮ್ಮ ಬಾಯಲ್ಲಿ ಕೆಡುತ್ತದೆ. ‘ಮೋಷನ್ ಸಿಕ್‌ನೆಸ್ ಇದೆಯಾ?’ ಎಂದರೆ ಮಲೆನಾಡಿನ ಹೆಂಗಸು ಇಲ್ಲವೆನ್ನುತ್ತಾಳೆ. ‘ಆಗುಂಬೆ ಘಾಟಿಯಲ್ಲಿ ಬಸ್ಸು ತಿರುಗುವಾಗ ಹೇಗಿರುತ್ತೀರಿ ಅಮ್ಮ?’ ಎಂದು ಕೇಳಿದರೆ, ‘ಅಯ್ಯೋ, ಕಿಟಕಿ ಪಕ್ಕ ಜಾಗ ಸಿಗದಿದ್ರೆ ನಾನು ಬಸ್ಸೇ ಹತ್ತೋದಿಲ್ಲ’ ಎಂಬಂಥ ಉತ್ತರ ಬರುತ್ತದೆ. ಆ ಮಾತು ಕೇಸ್ ಶೀಟಿಗೆ ಇಳಿಯಬೇಕು. ಅಂಥವರಿಗೆ ಬೆನ್ನಿನ ಇಂಜೆಕ್ಷನ್ ಸಾಕಾಗುವುದಾದರೆ ಅನಿಲ ಬೇಡ. ಅನಿಲ ಅನಿವಾರ್ಯವಾದರೆ ಆರಂಭದಲ್ಲೇ ಡೆಕ್ಸಾಮೆಥಸೋನ್, ಕೊನೆಯ ಹೊಲಿಗೆಯ ಹೊತ್ತಿಗೆ ಒಂಡಾನ್ಸೆಟ್ರಾನ್ ಹೋಗಿರಬೇಕು, ವಾಂತಿಗೆ ಕಾಯಬಾರದು.

ಎಚ್ಚರವಾದ ಮೇಲೆ ಕೇಳುವ ಪ್ರಶ್ನೆಯೂ ಹಾಗೆಯೇ. ಹೊಟ್ಟೆ ತೊಳಸುವುದು, ಓಕರಿಕೆ, ವಾಂತಿ ಎಂದು ಕನ್ನಡ ಮೂರನ್ನೂ ಬೇರೆಯಾಗಿ ಹೆಸರಿಸುತ್ತದೆ. ನಮ್ಮ ದಾಖಲೆಗಳಲ್ಲಿ ಹೆಚ್ಚಾಗಿ ಉಳಿಯುವುದು ಕೊನೆಯದು. ‘ವಾಂತಿ ಆಯಿತಾ?’ ಎಂದರೆ ಇಲ್ಲವೆನ್ನುವವರು, ‘ಹೊಟ್ಟೆ ತೊಳಸ್ತಾ ಇದೆಯಾ?’ ಎಂದು ಕೇಳಿದಾಗ ಕಣ್ಣು ಮುಚ್ಚಿಕೊಂಡೇ ಹೌದೆಂದು ತಲೆಯಾಡಿಸುತ್ತಾರೆ.