ಕೊಳವೆಯೊಳಗಿನ ತಂತಿ

ದಾರಿಯ ಬದಿಯಲ್ಲಿ ನಿಲ್ಲಿಸಿದ ಮೋಟಾರ್ ಸೈಕಲ್ಲೊಂದನ್ನು ಎದುರಿನಿಂದ ನೋಡಿದರೆ, ಅದರ ಹ್ಯಾಂಡಲಿನ ಮೇಲೆ ತಂತಿಗಳ ಬಳ್ಳಿಯೇ ಹಬ್ಬಿರುವುದು ಕಾಣುತ್ತದೆ. ವೇಗ ಹೆಚ್ಚಿಸುವ ತಂತಿ ಒಂದು, ಕ್ಲಚ್ಚಿನದು ಒಂದು, ಮುಂದಿನ ಬ್ರೇಕಿನದು ಒಂದು. ದೀಪ, ಹಾರನ್ನು, ತಿರುವಿನ ಸೂಚಕ, ಸ್ಟಾರ್ಟರ್ ಇವುಗಳ ವಿದ್ಯುತ್ ತಂತಿಗಳ ಕಟ್ಟು ಬೇರೆ. ಆದರೆ ಅಪರೂಪಕ್ಕೆ ಇನ್ನೊಂದು ಬಗೆಯ ಗಾಡಿಯೂ ಕಣ್ಣಿಗೆ ಬೀಳುವುದುಂಟು. ಅದರ ಹ್ಯಾಂಡಲ್ ಎಂದರೆ ಬಾಗಿಸಿದ ಬರಿಯ ಕೊಳವೆ. ತುದಿಯಿಂದ ತುದಿಯವರೆಗೆ ಹೊಳೆಯುವ ಉಕ್ಕಲ್ಲದೆ ಬೇರೇನೂ ಇಲ್ಲ. ಆದರೂ ಗುಂಡಿಯನ್ನೊತ್ತಿದರೆ ಹಾರನ್ನು ಕೂಗುತ್ತದೆ, ದೀಪ ಹತ್ತುತ್ತದೆ. ತಂತಿಗಳು ಎಲ್ಲಿಯೂ ಹೋಗಿಲ್ಲ. ಕೊಳವೆಯ ಒಳಹೊಕ್ಕು ಕುಳಿತಿವೆ, ಅಷ್ಟೆ.

ಹೀಗೆ ತಂತಿಯನ್ನು ಮರೆಮಾಡುವುದು ಇಂದಿನ ಹುಡುಗರ ಶೋಕಿಯೆಂದು ಹಲವರ ಎಣಿಕೆ. ಹಾಗಲ್ಲ. ಅದಕ್ಕೆ ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದೆ. ಮೊದಲು ಕಾರ್ಖಾನೆಯವರೇ ತಂತಿಯನ್ನು ಒಳಗಿಟ್ಟರು. ಆಮೇಲೆ ಅದು ಹೊರಗೆ ಬಂತು. ಹೊರಗೆ ಬಂದುದನ್ನು ಮನೆಯ ಹಿತ್ತಿಲಲ್ಲಿ ಕುಳಿತ ಸಾಮಾನ್ಯರು ಮತ್ತೆ ಒಳಗೆ ಸೇರಿಸಿದರು. ಈ ಹೋಗುಬರವಿನ ಕಥೆ ಬಹುಮಟ್ಟಿಗೆ ಇಂಗ್ಲೆಂಡು ಮತ್ತು ಅಮೆರಿಕಗಳಲ್ಲಿ ನಡೆದುದು.

ಮೊದಲಿಗೆ ಬರುವುದು ಬೌಡನ್ ತಂತಿ. ಎರ್ನೆಸ್ಟ್ ಮೊನಿಂಗ್ಟನ್ ಬೌಡನ್ ಎಂಬಾತ 1896ರಲ್ಲಿ ಇದಕ್ಕೆ ಇಂಗ್ಲೆಂಡಿನಲ್ಲಿ ಹಕ್ಕುಪತ್ರ ಪಡೆದ. ರ್‍ಯಾಲಿ ಸೈಕಲ್ ಕಂಪೆನಿಯನ್ನು ಬೆಳೆಸಿದ ಫ್ರಾಂಕ್ ಬೌಡನ್ ಎಂಬವನೊಬ್ಬ ಬೇರೆ ಇದ್ದುದರಿಂದ, ಈ ಕೀರ್ತಿಯನ್ನು ಅವನ ತಲೆಗೆ ಕಟ್ಟುವುದು ಇಂದಿಗೂ ನಿಂತಿಲ್ಲ. ಇರಲಿ. ಉಪಾಯ ಮಾತ್ರ ಬಲು ಸರಳ. ಸುರುಳಿ ಸುತ್ತಿದ ಉಕ್ಕಿನ ಕೋಶದೊಳಗೆ ಹುರಿಮಾಡಿದ ತಂತಿಯೊಂದನ್ನು ಪೋಣಿಸಿದೆ. ಕೋಶವನ್ನು ಎರಡು ಕೊನೆಗಳಲ್ಲಿಯೂ ಬಿಗಿಹಿಡಿದು ತಂತಿಯನ್ನು ಎಳೆದರೆ, ನಡುವೆ ಎಷ್ಟು ತಿರುವುಗಳಿದ್ದರೂ ಈ ಕೊನೆಯ ಎಳೆತ ಆ ಕೊನೆಯನ್ನು ಮುಟ್ಟುತ್ತದೆ. ಅದಕ್ಕೆ ಮುಂಚೆ ಇಂತಹ ಕೆಲಸಕ್ಕೆ ಕಂಬಿ, ಕೀಲು, ಸನ್ನೆಗಳೇ ಗತಿ. ಕಂಬಿ ನೇರ ಹೋಗಬಲ್ಲುದೇ ಹೊರತು ಬಳಸಿಕೊಂಡು ಹೋಗಲಾರದು. ತಿರುಗುತ್ತಲೇ ಇರುವ ಹ್ಯಾಂಡಲಿನಿಂದ ಕದಲದೆ ನಿಂತ ಎಂಜಿನ್ನಿಗೆ ಆಜ್ಞೆಯನ್ನು ಒಯ್ಯುವುದಕ್ಕೆ ಬಾಗುವ ತಂತಿಯೇ ಬೇಕಾಗಿತ್ತು.

ಅಮೆರಿಕದಲ್ಲಿ ಇಂಡಿಯನ್ ಎಂಬ ಹೆಸರಿನ ಮೋಟಾರ್ ಸೈಕಲ್ 1901ರಲ್ಲಿ ಹುಟ್ಟಿತು, ಹಾರ್ಲೆ-ಡೇವಿಡ್‌ಸನ್ 1903ರಲ್ಲಿ. ಹಿಡಿಯನ್ನು ಹಿಂಡಿದಂತೆ ತಿರುಗಿಸಿ ಎಂಜಿನ್ನನ್ನು ಆಳುವ ಕ್ರಮವನ್ನು ರೂಢಿಗೆ ತಂದವರಲ್ಲಿ ಇವರು ಮೊದಲಿಗರು. ಇಂಡಿಯನ್ನಿನಲ್ಲಿ ಆರಂಭಕ್ಕೆ ಕಂಬಿ ಕೀಲುಗಳು ಹೊರಗೇ ಕಾಣುತ್ತಿದ್ದವು. ಹಾರ್ಲೆಯವರು 1910ರ ಹೊತ್ತಿಗಾಗಲೇ ತಂತಿಯನ್ನು ಹ್ಯಾಂಡಲಿನ ಕೊಳವೆಯೊಳಗೆ ಸೇರಿಸಿದ್ದರು. ಹಿಡಿಯ ಒಳಮೈಯಲ್ಲಿ ತಿರುಪಿನಂತೆ ಸುತ್ತಿದ ಕಾಲುವೆ. ಕೊಳವೆಯ ತುದಿಯಲ್ಲಿ ಸೀಳು. ಸೀಳಿನಲ್ಲಿ ಹಿಂದುಮುಂದಾಗಿ ಜಾರುವ ಒಂದು ತುಂಡು. ಹಿಡಿ ತಿರುಗಿದರೆ ತುಂಡು ಜಾರುತ್ತದೆ, ತುಂಡು ಜಾರಿದರೆ ಅದಕ್ಕೆ ಕಟ್ಟಿದ ತಂತಿ ಎಂಜಿನ್ನಿನ ಕಡೆಗೆ ತಳ್ಳುತ್ತದೆ ಇಲ್ಲವೆ ಎಳೆಯುತ್ತದೆ. ಬಲಗೈಯಲ್ಲಿ ಇಂಧನ, ಎಡಗೈಯಲ್ಲಿ ಕಿಡಿ ಹಾರುವ ಕಾಲದ ಹೊಂದಾಣಿಕೆ. ಎರಡೂ ಒಳಗೇ. ಹೊರಗೆ ನೋಡಿದರೆ ಬೋಳು ಕೊಳವೆ. ಮಣ್ಣುರಸ್ತೆಯ ಧೂಳು, ಕೆಸರು, ಮಳೆನೀರು ಇವುಗಳಿಂದ ತಂತಿಗೆ ರಕ್ಷಣೆ ದೊರೆಯಿತು. ಅಂದವೂ ಬಂತು, ಆದರೆ ಅಂದಕ್ಕಾಗಿಯೇ ಮಾಡಿದುದಲ್ಲ.

ಆ ಮೇಲೆ ವಿದ್ಯುಚ್ಛಕ್ತಿ ಬಂತು. ಅದುವರೆಗೆ ಗಾಡಿಯ ದೀಪ ಉರಿಯುತ್ತಿದ್ದುದು ಅಸಿಟಿಲೀನ್ ಅನಿಲದಿಂದ. 1914ರಲ್ಲಿ ಇಂಡಿಯನ್ ಕಂಪೆನಿ ವಿದ್ಯುತ್ತಿನಿಂದಲೇ ಎಂಜಿನ್ ಹೊರಡಿಸುವ ಗಾಡಿಯೊಂದನ್ನು ಮಾರಲು ಹೊರಟಿತು. ಅಂದಿನ ಬ್ಯಾಟರಿಗಳಿಗೆ ಆ ಭಾರ ತಾಳಲಿಲ್ಲ, ಸಾಹಸ ಸೋತಿತು. 1915ರಲ್ಲಿ ಹಾರ್ಲೆಯವರ ಗಾಡಿಗಳಿಗೆ ವಿದ್ಯುದ್ದೀಪ ಬಂತು. ಹಾರನ್ನಿನ ಗುಂಡಿ, ದೀಪದ ಸ್ವಿಚ್ಚು ಹ್ಯಾಂಡಲಿಗೆ ಏರಿದವು. ಆಗ ತಂತಿಗಳು ಹೆಚ್ಚಿರಲಿಲ್ಲ. ಹಾರನ್ನಿಗೆ ಹಲವು ಗಾಡಿಗಳಲ್ಲಿ ಒಂದೇ ತಂತಿ ಸಾಕಾಗುತ್ತಿತ್ತು. ಗುಂಡಿಯನ್ನೊತ್ತಿದಾಗ ವಿದ್ಯುತ್ತು ಹ್ಯಾಂಡಲಿನ ಲೋಹದ ಮೂಲಕವೇ ಮರಳಿ ಹೋಗುತ್ತಿತ್ತು.

ಇಂಗ್ಲೆಂಡಿನವರ ದಾರಿ ಬೇರೆ. ಬೌಡನ್ ತಂತಿ ಹುಟ್ಟಿದ ನಾಡಿನಲ್ಲಿ ಅದನ್ನು ಬಹುಮಟ್ಟಿಗೆ ಬಯಲಲ್ಲೇ ಬಿಟ್ಟರು. ಇದರಲ್ಲಿ ವಿವೇಕವಿಲ್ಲದಿಲ್ಲ. ಕಾಣುವ ತಂತಿಯ ಸವೆತ ಕಾಣುತ್ತದೆ. ದಾರಿಯಲ್ಲಿ ಹರಿದರೆ ಅಲ್ಲೇ ನಿಂತು ಬದಲಾಯಿಸಬಹುದು. ಎಣ್ಣೆ ಬಿಡುವುದು ಸುಲಭ. ಅಂದದ ಪ್ರಶ್ನೆ ಬಂದಾಗ ಟ್ರಯಂಫ್ ಕಂಪೆನಿಯವರು 1949ರಲ್ಲಿ ಮುಂದಿನ ದೀಪಕ್ಕೆ ದೊಡ್ಡದೊಂದು ಗೂಡು ಮಾಡಿ, ವೇಗಮಾಪಕ ಮತ್ತು ಸ್ವಿಚ್ಚುಗಳನ್ನು ಅದರಲ್ಲಿ ಕೂಡಿಸಿ, ತಂತಿಯ ಗೊಂದಲವನ್ನೆಲ್ಲ ಅದರೊಳಗೆ ಮುಚ್ಚಿದರು. ಇದೇ ಬಗೆಯ ಗೂಡು ನಮ್ಮವರಿಗೂ ಪರಿಚಿತವೇ. ಚೆಕೊಸ್ಲೊವಾಕಿಯದ ಜಾವಾ ಗಾಡಿಯನ್ನು 1961ರಿಂದ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ತಯಾರಿಸಿತು. ಅದರಲ್ಲಿ ವೇಗಮಾಪಕವಿದ್ದುದು ದೀಪದ ಗೂಡಿನ ನೆತ್ತಿಯ ಮೇಲೆ; ವಿದ್ಯುತ್ ತಂತಿಗಳು ಕೂಡುತ್ತಿದ್ದುದು ಅದರ ಹೊಟ್ಟೆಯಲ್ಲಿ. 1973ರಲ್ಲಿ ಯೆಜ್ಡಿ ಎಂದು ಹೆಸರು ಬದಲಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಮೈಸೂರು ಸೀಮೆಯಲ್ಲಿ ಆ ಗೂಡನ್ನು ಬಿಚ್ಚಿ ಒಳಗಿನ ತಂತಿಯ ಬಣ್ಣಗಳನ್ನು ಬಾಯಿಪಾಠ ಮಾಡಿದ ಮೇಸ್ತ್ರಿಗಳಿಗೆ ಒಂದು ಕಾಲದಲ್ಲಿ ಬರವಿರಲಿಲ್ಲ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕಥೆ ಕಾರ್ಖಾನೆಯಿಂದ ಹೊರಬಿದ್ದು ಮನೆಗೆ ಬಂತು. ಯುದ್ಧಕ್ಕೆಂದು ಹಾರ್ಲೆಯವರು ಸುಮಾರು 90 ಸಾವಿರ ಗಾಡಿಗಳನ್ನು ಮಾಡಿದ್ದರು. ಸೈನ್ಯಕ್ಕೆ ಬೇಡವಾದವು ಅಗ್ಗದಲ್ಲಿ ಮಾರಾಟಕ್ಕೆ ಬಂದವು. ಮರಳಿ ಬಂದ ಸೈನಿಕರು ಕೊಂಡರು. ಕೊಂಡವರು ಸುಮ್ಮನಿರಲಿಲ್ಲ. ಕೆಸರು ತಡೆಯ ತಗಡನ್ನು ಮೊಟಕು ಮಾಡಿದರು, ಬೇಡವೆನಿಸಿದ ಭಾರವನ್ನೆಲ್ಲ ಕಿತ್ತೊಗೆದರು. ಕ್ಯಾಲಿಫೋರ್ನಿಯದಲ್ಲಿ ಈ ಕತ್ತರಿಸುವ ಹವ್ಯಾಸ ಮುಂದುವರಿದು, 1960ರ ದಶಕದಲ್ಲಿ ಚಾಪರ್ ಎಂಬ ಹೊಸ ಆಕಾರವನ್ನೇ ಪಡೆಯಿತು. ಉದ್ದವಾಗಿ ಮುಂಚಾಚಿದ ಚಿಮಟ, ಸಣ್ಣ ಟ್ಯಾಂಕು, ಆಕಾಶ ನೋಡುವ ಹ್ಯಾಂಡಲ್. ಸವಾರನ ಕೈಗಳು ಹೆಗಲಿಗಿಂತ ಮೇಲೇರಿ, ಕೊಂಬೆಗೆ ಜೋತುಬಿದ್ದ ಕೋತಿಯಂತೆ ಕಾಣುತ್ತಿದ್ದುದರಿಂದ ಅದಕ್ಕೆ ‘ಏಪ್ ಹ್ಯಾಂಗರ್’ ಎಂಬ ಅಡ್ಡಹೆಸರೇ ಬಿತ್ತು.

ಹ್ಯಾಂಡಲ್ ಎತ್ತರವಾದರೆ ತಂತಿ ಮೋಟಾಗುತ್ತದೆ, ಉದ್ದ ಮಾಡಲೇಬೇಕು. ಉದ್ದ ಮಾಡಿದ ತಂತಿ ಹೊರಗೆ ಜೋತಾಡಿದರೆ, ಅಷ್ಟೆಲ್ಲ ಕತ್ತರಿಸಿ ಗಳಿಸಿದ ಬೋಳುತನ ಕೆಟ್ಟಿತು. ಹೀಗೆ ಹಿಂದೆ ಧೂಳಿಗೆ ಹೆದರಿ ಕಾರ್ಖಾನೆಯವರು ಮಾಡಿದ್ದನ್ನು ಈಗ ಅಂದಕ್ಕೆ ಸೋತ ಹವ್ಯಾಸಿಗಳು ಮಾಡತೊಡಗಿದರು. ಅಷ್ಟರಲ್ಲಿ ತಂತಿಗಳ ಸಂಖ್ಯೆಯೂ ಏರಿತ್ತು. 1969ರಲ್ಲಿ ಬಂದ ಹೋಂಡಾ ಸಿ.ಬಿ. 750ರಲ್ಲಿ ಗುಂಡಿಯೊತ್ತಿ ಹೊರಡಿಸುವ ಸೌಕರ್ಯವಿತ್ತು. ತಿರುವಿನ ಸೂಚಕಗಳೂ ವಾಡಿಕೆಗೆ ಬಂದವು. ಒಂದೆರಡು ಎಳೆಗೆ ಸಾಕಾಗಿದ್ದ ಕೊಳವೆಯಲ್ಲಿ ಈಗ ಹತ್ತಾರು ಎಳೆ ಹಿಡಿಸಬೇಕು.

ಚಾಪರನ್ನು ಜಗತ್ತಿಗೆಲ್ಲ ತೋರಿಸಿದುದು 1969ರ ‘ಈಜಿ ರೈಡರ್’ ಚಲನಚಿತ್ರ. ಡೆನ್ನಿಸ್ ಹಾಪರ್ ನಿರ್ದೇಶಿಸಿದ ಈ ಚಿತ್ರದಲ್ಲಿ ಪೀಟರ್ ಫೋಂಡ ಏರಿದ ‘ಕ್ಯಾಪ್ಟನ್ ಅಮೆರಿಕ’ ಎಂಬ ಗಾಡಿ ನಟರಷ್ಟೇ ಹೆಸರು ಮಾಡಿತು. ಪೊಲೀಸರು ಹರಾಜಿಗೆ ಹಾಕಿದ ಹಳೆಯ ಹಾರ್ಲೆಗಳಿಂದ ಚಿತ್ರದ ಗಾಡಿಗಳನ್ನು ಕಟ್ಟಿದ್ದರು. ಕಟ್ಟಿದವರು ಯಾರು? ಚಿತ್ರದ ಹೆಸರುಪಟ್ಟಿಯಲ್ಲಿ ಉತ್ತರವಿರಲಿಲ್ಲ. ಆ ಕೆಲಸದ ಹಿಂದಿದ್ದ ಮುಖ್ಯರು ಇಬ್ಬರು ಕರಿಯ ಜನಾಂಗದವರು: ಕ್ಲಿಫರ್ಡ್ ವಾಸ್ ಮತ್ತು ಬೆನ್ ಹಾರ್ಡಿ. ವಾಸ್ ನಾಗರಿಕ ಹಕ್ಕುಗಳ ಚಳವಳಿಯಲ್ಲಿ ದುಡಿದವನು. 1964ರಲ್ಲಿ ಮೇರಿಲೆಂಡಿನ ಕೇಂಬ್ರಿಜ್ ಊರಿನಲ್ಲಿ ಸೈನಿಕರು ಅವನನ್ನು ಎಳೆದಾಡುತ್ತಿರುವ ಛಾಯಾಚಿತ್ರ ಆ ಚಳವಳಿಯ ಪ್ರಸಿದ್ಧ ಚಿತ್ರಗಳಲ್ಲೊಂದು. ಹಾರ್ಡಿ ದಕ್ಷಿಣ ಲಾಸ್ ಏಂಜಲೀಸಿನಲ್ಲಿ ಅಂಗಡಿಯಿಟ್ಟಿದ್ದ ಕುಶಲಿ. ಇವರ ಹೆಸರು ಬೆಳಕಿಗೆ ಬರಲು ನಾಲ್ಕು ದಶಕಗಳಾದರೂ ಹಿಡಿದವು. 2014ರಲ್ಲಿ, ಆ ಚಿತ್ರದ್ದೇ ಎಂದು ಹೇಳಲಾದ ಗಾಡಿಯೊಂದು ಹರಾಜಿನಲ್ಲಿ 13 ಲಕ್ಷ 50 ಸಾವಿರ ಡಾಲರಿಗೆ ಹೋಯಿತು; ಅದು ಅಸಲಿಯೇ ಎಂಬ ವಿವಾದವೂ ಎದ್ದಿತು. ಗಾಡಿಗೆ ಇಷ್ಟು ಬೆಲೆ. ಕಟ್ಟಿದ ಕೈಗಳಿಗೆ ಒಂದು ಸಾಲಿನ ಜಾಗವಿಲ್ಲ. ಎಲೆಮರೆಯ ಕಾಯಿ ಎಂದು ನಾವು ಮೆಚ್ಚಿಗೆಯಿಂದ ಆಡುವ ಮಾತಿನೊಳಗೆ ಎಷ್ಟು ಅನ್ಯಾಯ ಅಡಗಿರಬಹುದು ಎಂಬುದಕ್ಕೆ ಇದೊಂದು ನಿದರ್ಶನ.

ಇನ್ನು ಮನೆಯಲ್ಲಿ ಈ ಕೆಲಸ ನಡೆಯುವ ಬಗೆಯನ್ನು ನೋಡೋಣ. ಹಳೆಯ ಇಂಗ್ಲಿಷ್ ಗಾಡಿಗಳ ಹ್ಯಾಂಡಲಿನ ಹೊರ ಅಳತೆ ಮುಕ್ಕಾಲು ಅಂಗುಲಕ್ಕೆ ಅರೆಕಾಲು ಕೂಡಿಸಿದಷ್ಟು, ಎಂದರೆ ಸುಮಾರು 22 ಮಿಲಿಮೀಟರು. ಹಾರ್ಲೆಯದು ಒಂದು ಅಂಗುಲ. ಉಕ್ಕಿನ ದಪ್ಪ ಕಳೆದರೆ ಒಳಗೆ ಉಳಿಯುವ ದಾರಿ ಇನ್ನೂ ಇಕ್ಕಟ್ಟು, ಅದರಲ್ಲಿಯೂ ಬಾಗುಗಳು. ಮೊದಲು ಬ್ಯಾಟರಿಯ ಸಂಪರ್ಕ ಕಳಚಬೇಕು. ಕೊಳವೆಯ ಅಡಿಮೈಯಲ್ಲಿ, ಸ್ವಿಚ್ಚಿನ ಬಳಿ ಒಂದು, ನಡುವೆ ಒಂದು ಮೊಟ್ಟೆಯಾಕಾರದ ರಂಧ್ರ ಕೊರೆಯಬೇಕು. ಅಂಚನ್ನು ಅರದಿಂದ ಉಜ್ಜಿ ನುಣುಪು ಮಾಡಿ, ಆಗುವಲ್ಲಿ ರಬ್ಬರ್ ಬಳೆ ತೊಡಿಸಬೇಕು. ತಂತಿಗಳನ್ನು ಉದ್ದ ಮಾಡುವಾಗ ಬೆಸುಗೆಗಳೆಲ್ಲ ಒಂದೇ ಕಡೆ ಬಾರದಂತೆ ಹಿಂದುಮುಂದಾಗಿ ಇಡಬೇಕು. ಇಲ್ಲವಾದರೆ ಅಲ್ಲಿ ಗಂಟು ಕಟ್ಟಿ ಕಟ್ಟು ಮುಂದೆ ಸಾಗದು.

ಪೋಣಿಸುವುದೇ ನಿಜವಾದ ಪರೀಕ್ಷೆ. ನಮ್ಮ ಮನೆಗಳಲ್ಲಿ ಪಾಯಿಜಾಮೆಗೆ ಲಾಡಿ ಸೇರಿಸಿದವರಿಗೆ ಇದರ ಮರ್ಮ ಹೇಳಿಕೊಡಬೇಕಾಗಿಲ್ಲ. ಲಾಡಿಯನ್ನು ತಳ್ಳಿದರೆ ಹೋಗುವುದಿಲ್ಲ. ಪಿನ್ನಿಗೆ ಸಿಕ್ಕಿಸಿ ಎಳೆಯಬೇಕು. ಹಾಗೆಯೇ ಇಲ್ಲಿಯೂ ಮೊದಲು ಗಟ್ಟಿ ದಾರವೊಂದನ್ನು ಕೊಳವೆಯಲ್ಲಿ ದಾಟಿಸಬೇಕು. ಸಣ್ಣ ಮಣಿಸರವಾದರೆ ತನ್ನ ಭಾರಕ್ಕೆ ತಾನೇ ಇಳಿದು ಬಾಗನ್ನು ದಾಟುತ್ತದೆ. ದಾರದ ತುದಿಗೆ ಹತ್ತಿಯ ಚೂರು ಕಟ್ಟಿ, ಇನ್ನೊಂದು ಬಾಯಿಗೆ ಕಸ ಹೀರುವ ಯಂತ್ರ ಹಿಡಿಯುವ ಉಪಾಯವೂ ಉಂಟು. ಆಮೇಲೆ ತಂತಿಗಳನ್ನು ದಾರಕ್ಕೆ ಓರೆಯಾಗಿ ಬಿಗಿದು, ಸಾಬೂನಿನ ನೀರು ಸವರಿ, ಒಬ್ಬರು ಎಳೆಯುತ್ತಿರುವಾಗ ಇನ್ನೊಬ್ಬರು ಈ ಕಡೆಯಿಂದ ಮೆಲ್ಲಗೆ ಊಡಬೇಕು. ಜಗ್ಗಿದರೆ ಸಿಪ್ಪೆ ಸುಲಿಯುತ್ತದೆ. ಒಂದು ಸಂಜೆಯ ಕೆಲಸವೆಂದು ಹಿಡಿದದ್ದು ಎರಡು ಭಾನುವಾರ ನುಂಗಿದರೆ ಸೋಜಿಗವಿಲ್ಲ.

ಇದರ ಅಪಾಯವನ್ನೂ ಹೇಳಬೇಕು. ಒಳಗಿನ ತಂತಿಯ ರೋಗ ಹೊರಗೆ ಕಾಣದು. ರಂಧ್ರದ ಅಂಚು ಸಿಪ್ಪೆಯನ್ನು ದಿನದಿನಕ್ಕೂ ತಿನ್ನುತ್ತಿರುತ್ತದೆ. ಒಂದು ರಾತ್ರಿ ಬೆತ್ತಲೆ ತಾಮ್ರ ಉಕ್ಕನ್ನು ಮುಟ್ಟಿದೊಡನೆ ದೀಪ ಆರುತ್ತದೆ. ಫ್ಯೂಸ್ ಇಲ್ಲದ ಗಾಡಿಯಾದರೆ ತಂತಿಯೇ ಹೊತ್ತಿಕೊಳ್ಳಬಹುದು. ಹ್ಯಾಂಡಲನ್ನು ಎರಡು ಕಡೆಗೂ ಪೂರ್ತಿ ತಿರುಗಿಸಿ, ತಂತಿ ಬಿಗಿಯುವುದಿಲ್ಲವೆಂದು ನೋಡಿಕೊಳ್ಳದೆ ಹೊರಟರೆ ತಿರುವಿನಲ್ಲಿಯೇ ತೊಡಕು. ಹ್ಯಾಂಡಲನ್ನು ರಬ್ಬರಿನ ಮೇಲೆ ಕೂರಿಸಿದ್ದರೆ ವಿದ್ಯುತ್ತು ಮರಳುವ ದಾರಿ ಮುಚ್ಚುತ್ತದೆ. ಅದಕ್ಕೆ ಬೇರೆ ತಂತಿ ಕೊಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಕೊರೆದ ಕೊಳವೆ ಕೊರೆಯದ ಕೊಳವೆಯಷ್ಟು ಗಟ್ಟಿಯಲ್ಲ. ಹಿಡಿಕಟ್ಟಿನ ಪಕ್ಕದಲ್ಲಿ, ಹೆಚ್ಚು ಒತ್ತಡ ಬೀಳುವ ಜಾಗದಲ್ಲಿ ದೊಡ್ಡ ರಂಧ್ರ ಮಾಡುವವನು ತನ್ನ ಪ್ರಾಣವನ್ನೇ ಪಣಕ್ಕಿಟ್ಟಂತೆ. ನಮ್ಮ ದೇಶದಲ್ಲಿ ಕಾನೂನಿನ ಮಾತೂ ಇದೆ. ನೋಂದಣಿಯ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣ ತಡೆಯುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು.

ಇಷ್ಟಾಗಿ ಚರಿತ್ರೆಯ ಚಕ್ರ ಒಂದು ಸುತ್ತು ಮುಗಿಸಿದೆ. 2008ರಲ್ಲಿ ಹಾರ್ಲೆಯವರು ತಮ್ಮ ದೂರಪ್ರಯಾಣದ ಗಾಡಿಗಳಲ್ಲಿ ಎಳೆಯುವ ತಂತಿಯನ್ನೇ ಕೈಬಿಟ್ಟರು. ಹಿಡಿ ಎಷ್ಟು ತಿರುಗಿತೆಂಬುದನ್ನು ಅಳೆಯುವ ಸಣ್ಣ ಉಪಕರಣವೊಂದು ಬಲಗೈಯ ಕೊಳವೆಯೊಳಗೆ ಕುಳಿತು, ವಿದ್ಯುತ್ ತಂತಿಯ ಮೂಲಕ ಎಂಜಿನ್ನಿಗೆ ಸುದ್ದಿ ಕಳಿಸುತ್ತದೆ. ನೂರು ವರ್ಷದ ಹಿಂದೆ ಅದೇ ಕೊಳವೆಯಲ್ಲಿ ಉಕ್ಕಿನ ತಂತಿ ಜಾರುತ್ತಿತ್ತು. ಈಗ ತಾಮ್ರದ ತಂತಿ ಮಾತಾಡುತ್ತಿದೆ.

ಈ ಕಸಬಿನಲ್ಲಿ ಒಂದು ಒಳ್ಳೆಯ ರೂಢಿಯುಂಟು. ತಂತಿಗಳನ್ನು ಒಳಗೆ ಸೇರಿಸುವ ಮೊದಲು, ಯಾವ ಬಣ್ಣದ್ದು ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಬೆಸುಗೆ ಎಲ್ಲಿದೆ ಎಂಬುದನ್ನು ಕಾಗದದ ಮೇಲೆ ಬರೆದಿಡುವುದು. ಮುಂದೆ ಎಂದೋ ಯಾರೋ ಆ ಗಾಡಿಯನ್ನು ಬಿಚ್ಚುತ್ತಾರೆ. ಅವರಿಗೆ ಬೋಳು ಕೊಳವೆಯಲ್ಲದೆ ಬೇರೇನೂ ಕಾಣುವುದಿಲ್ಲ. ಆ ಒಂದು ಹಾಳೆಯಿಂದ ಅವರ ಕೆಲಸ ಹಗುರವಾಗುತ್ತದೆ. ತಂತಿಯನ್ನು ಮರೆಮಾಡುವುದು ತಪ್ಪಲ್ಲ. ಮರೆಯಲ್ಲಿ ಏನಿದೆ, ಅದನ್ನು ಅಲ್ಲಿಟ್ಟ ಕೈ ಯಾರದು ಎಂಬುದರ ಬರಹವನ್ನು ಇಲ್ಲವಾಗಿಸುವುದು ತಪ್ಪು. ಕ್ಯಾಪ್ಟನ್ ಅಮೆರಿಕ ಗಾಡಿಯ ವಿಷಯದಲ್ಲಿ ಆದುದು ಈ ಎರಡನೆಯದು. ಹಾರ್ಡಿ ಮತ್ತು ವಾಸ್‌ರ ಹೆಸರನ್ನು ಈಗಲಾದರೂ ಆ ಹಾಳೆಯಲ್ಲಿ ಬರೆದುಕೊಳ್ಳಬೇಕು.