ಕೂಲಿಮಠದ ಕಂಠಪಾಠವೂ ಪ್ರಾಯದವರ ವಿಮರ್ಶಬುದ್ಧಿಯೂ

ಕುಣಿಗಲು ತಾಲ್ಲೂಕಿನ ಹುತ್ರಿದುರ್ಗವನ್ನು ಚರಿತ್ರಕಾರರು ಅದರ ಕೋಟೆಗಾಗಿ ನೆನೆಯುವುದು ವಾಡಿಕೆ. ಮಾಗಡಿಯ ಕೆಂಪೇಗೌಡರ ವಂಶದವರ ದುರ್ಗವಾಗಿದ್ದು, ಮುಂದೆ ಮೈಸೂರಿನವರ ಕೈಸೇರಿ, ೧೭೯೧ನೆಯ ಡಿಸೆಂಬರಿನಲ್ಲಿ ಸಾವನದುರ್ಗವು ಬಿದ್ದ ಕೆಲವೇ ದಿನಗಳಲ್ಲಿ ಕಾರ್ನ್‌ವಾಲಿಸನ ಸೇನೆಗೆ ವಶವಾದ ಈ ಬೆಟ್ಟದ ವೃತ್ತಾಂತವು ಸುಪರಿಚಿತವಾದುದು. ಪ್ರಕೃತ ಲೇಖನದಲ್ಲಿ ನಾವು ವಿಚಾರಿಸಹೊರಟಿರುವುದು ಕೋಟೆಯನ್ನಲ್ಲ. ಆ ಯುದ್ಧಗಳು ಮುಗಿದ ಮೇಲಿನ ಶತಮಾನದಲ್ಲಿ ಇಂಥ ಬೆಟ್ಟದ ತಪ್ಪಲಿನ ಕನ್ನಡ ಹುಡುಗನೊಬ್ಬನು ಐದನೆಯ ವಯಸ್ಸಿನಿಂದ ಪ್ರಾಯಕ್ಕೆ ಬರುವವರೆಗೆ ಏನನ್ನು, ಯಾವ ಕ್ರಮದಲ್ಲಿ ಕಲಿಯುತ್ತಿದ್ದನು, ಕಲಿತುದನ್ನು ಪ್ರಶ್ನಿಸುವ ಬುದ್ಧಿ ಅವನಲ್ಲಿ ಎಲ್ಲಿ ಮೂಡುತ್ತಿತ್ತು ಎಂಬುದು ನಮ್ಮ ವಿಷಯ. ಹಳೆಯ ವಿದ್ಯೆಯೆಂದರೆ ಗಿಳಿಪಾಠ, ವಿಮರ್ಶೆಯೆಂಬುದು ಇಂಗ್ಲಿಷ್ ಶಾಲೆಗಳೊಡನೆ ಬಂದದ್ದು ಎಂಬ ಮಾತು ವಿದ್ಯಾವಂತರಲ್ಲಿ ಇಂದಿಗೂ ಬಳಕೆಯಲ್ಲಿದೆ. ಅದನ್ನು ಹಾಗೆಯೇ ಒಪ್ಪಲು ನಮಗೆ ಮನಸ್ಸು ಬರುವುದಿಲ್ಲ.

ಕನ್ನಡ ಮಠಗಳ ಪಾಠಕ್ರಮವನ್ನು ಕುರಿತ ವಿವರವಾದ ವರದಿಯೊಂದು ಬಳ್ಳಾರಿಯಿಂದ ದೊರೆತಿದೆ. ೧೮೨೨ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ತನ್ನ ಆಧಿಪತ್ಯದ ಜಿಲ್ಲೆಗಳಲ್ಲಿ ಶಾಲೆಗಳ ಎಣಿಕೆ ಮಾಡಿಸಿದನು. ಮೈಸೂರು ಸಂಸ್ಥಾನ ಆ ವಿಚಾರಣೆಯ ಹೊರಗುಳಿಯಿತು. ಆದರೆ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲನು ೧೮೨೩ರ ಆಗಸ್ಟಿನಲ್ಲಿ ಕಳುಹಿಸಿದ ವರದಿಯಲ್ಲಿ ಕಾಣುವ ಮರಳು, ಬಳಪ, ಕಡತ, ಮಗ್ಗಿ ಇವೆಲ್ಲ ಮೈಸೂರು ಸೀಮೆಯ ಕೂಲಿಮಠಗಳಲ್ಲಿಯೂ ಇದ್ದವೇ. ತೆಲುಗಿಗೆ ವ್ಯಾಕರಣ ಬರೆದಿದ್ದ ಈತನು ದೇಶಭಾಷೆಗಳನ್ನು ಬಲ್ಲವನು; ಆದ್ದರಿಂದ ಅವನ ಸಾಕ್ಷ್ಯಕ್ಕೆ ತೂಕವುಂಟು.

ಅವನ ಲೆಕ್ಕದಂತೆ ೯,೨೭,೮೫೭ ಜನರಿದ್ದ ಜಿಲ್ಲೆಯಲ್ಲಿ ಶಾಲೆಗಳು ೫೩೩, ಕಲಿಯುವವರು ೬,೬೪೧. ಶಾಲೆಗಳಲ್ಲಿ ಕನ್ನಡದವು ೨೩೫. ಮಗುವಿಗೆ ಐದು ವರ್ಷವಾದಾಗ ಒಳ್ಳೆಯ ದಿನ ನೋಡಿ, ಗಣಪತಿಯನ್ನು ಪೂಜಿಸಿ, ಅಕ್ಕಿಯಲ್ಲಿ ಬೆರಳಿನಿಂದ ದೇವರ ಹೆಸರನ್ನು ಬರೆಯಿಸಿ ಮಠಕ್ಕೆ ಸೇರಿಸುತ್ತಿದ್ದರು. ಬೆಳಗ್ಗೆ ಆರಕ್ಕೆ ಪಾಠ. ಮೊದಲು ಬಂದವನ ಅಂಗೈಯ ಮೇಲೆ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು, ಹೀಗೆ ಏರಿಕೆ. (ತಡವಾಗಿ ಬಂದ ಹುಡುಗನು ಎಣಿಕೆಯನ್ನು ಮರೆಯುವಂತಿರಲಿಲ್ಲ.) ಅಕ್ಷರವನ್ನು ಮೊದಲು ಮರಳಿನಲ್ಲಿ ತಿದ್ದಬೇಕು, ಆಮೇಲೆ ಮಸಿ ಹಚ್ಚಿ ಮಡಿಸಿದ ಬಟ್ಟೆಯ ಕಡತದ ಮೇಲೆ ಬಳಪದಿಂದ ಬರೆಯಬೇಕು. ಮುಂದುವರಿದ ಹುಡುಗರು ಹಿಂದಿನವರಿಗೆ ಹೇಳಿಕೊಡುತ್ತಿದ್ದರು. ಉಪಾಧ್ಯಾಯನು ದೊಡ್ಡ ಹುಡುಗರಿಗೆ ಪಾಠ ಹೇಳುತ್ತಲೇ ಎಲ್ಲರ ಮೇಲೂ ಕಣ್ಣಿಟ್ಟಿರುತ್ತಿದ್ದನು. ಈ ಏರ್ಪಾಡನ್ನು ಕ್ಯಾಂಬೆಲನು ಮನಸಾರೆ ಹೊಗಳಿ, ಇಂಗ್ಲೆಂಡು ಅನುಕರಿಸಿದ್ದು ಸರಿಯೇ ಆಯಿತೆಂದಿದ್ದಾನೆ.

ಅವನ ಆಕ್ಷೇಪಣೆ ಬೇರೆಡೆಯಲ್ಲಿದೆ. ಓದಿಸುತ್ತಿದ್ದ ಪುಸ್ತಕಗಳು ಪದ್ಯದಲ್ಲಿದ್ದವು. ಪದ್ಯದ ಭಾಷೆ ಮನೆಯ ಮಾತೂ ಅಲ್ಲ, ಸಂತೆಯ ಮಾತೂ ಅಲ್ಲ. ಹುಡುಗರು ನೂರಾರು ಪದ್ಯಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಅರ್ಥವನ್ನು ಕೇಳಿದರೆ ಸುಮ್ಮನಿರುತ್ತಾರೆ. ಅರ್ಥ ಹೇಳಬಲ್ಲ ಉಪಾಧ್ಯಾಯರೇ ವಿರಳ. ಗಿಳಿಯ ಉಪಮಾನವನ್ನು ಅವನೇ ಬಳಸಿದ್ದಾನೆ.

ಈ ಮಾತು ಸುಳ್ಳೆಂದು ನಾವು ವಾದಿಸುವುದಿಲ್ಲ. ಆದರೆ ಕ್ಯಾಂಬೆಲನು ನೋಡಿದ್ದು ಮಠದಲ್ಲಿ ಕುಳಿತ ಹುಡುಗನನ್ನು. ಆ ಹುಡುಗನು ಮೂವತ್ತು ವರ್ಷದ ಗೃಹಸ್ಥನಾದ ಮೇಲೆ ಏನಾದನೆಂಬುದು ಅವನ ವಿಚಾರಣೆಗೆ ಒಳಪಟ್ಟಿರಲಿಲ್ಲ. ಕನ್ನಡನಾಡಿನ ವಿದ್ಯೆಯಲ್ಲಿ ಧಾರಣೆ ಮೊದಲು, ಅರ್ಥ ಆಮೇಲೆ. ಈ ಎರಡನೆಯ ಹಂತ ನಡೆಯುತ್ತಿದ್ದ ಸ್ಥಳಗಳು ಬೇರೆಯಾಗಿದ್ದವು.

ಒಂದು ಸ್ಥಳ ಸಂಸ್ಕೃತ ಪಾಠಶಾಲೆ. ಅಲ್ಲಿಯೂ ಬಾಲ್ಯದಲ್ಲಿ ಶಬ್ದಗಳು, ಅಮರಕೋಶ ಇವುಗಳ ಕಂಠಪಾಠವೇ. ಅನಂತರ ಕಾವ್ಯ, ಬುದ್ಧಿ ಬಲಿತ ಮೇಲೆ ತರ್ಕ, ಅದಕ್ಕೆ ಪ್ರವೇಶವಾಗಿ ಅನ್ನಂಭಟ್ಟನ ತರ್ಕಸಂಗ್ರಹ. ಬೆಟ್ಟದ ಮೇಲೆ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ತಾರ್ಕಿಕರ ಪ್ರಸಿದ್ಧ ನಿದರ್ಶನ. ಕಂಡದ್ದು ಹೊಗೆಯೋ ಮಂಜೋ ಎಂಬ ಸಂಶಯವಿದ್ದರೆ ಹೇತುವು ನಿಲ್ಲುವುದಿಲ್ಲವೆಂಬುದೂ ಅದೇ ಪಾಠದ ಭಾಗ. ಚಳಿಗಾಲದ ಮುಂಜಾನೆ ಹುತ್ರಿದುರ್ಗದ ಬಂಡೆಯನ್ನು ನೋಡಿದವರಿಗೆ ಇದರ ಸ್ವಾರಸ್ಯ ತಿಳಿಯದೆ ಇರದು. ಹೇತ್ವಾಭಾಸಗಳನ್ನು ಗುರುತಿಸುವುದು, ಎದುರಾಳಿಯ ಪೂರ್ವಪಕ್ಷವನ್ನು ಅವನಿಗಿಂತಲೂ ಚೆನ್ನಾಗಿ ಹೇಳಿ ಆಮೇಲೆ ಖಂಡಿಸುವುದು, ವಾಕ್ಯಾರ್ಥದ ಸಭೆಯಲ್ಲಿ ಸೋಲನ್ನು ಒಪ್ಪುವುದು ಇವೆಲ್ಲ ಆ ಶಿಕ್ಷಣದ ಅಂಗಗಳು. ಇದೇ ಕುಣಿಗಲಿನ ಹೆಸರನ್ನು ಹೊತ್ತ ರಾಮಶಾಸ್ತ್ರಿಗಳು ೧೯ನೆಯ ಶತಮಾನದಲ್ಲಿ ಮೈಸೂರು ಸೀಮೆಯ ದೊಡ್ಡ ತಾರ್ಕಿಕರೆನಿಸಿದರು. ಅವರು ಬರೆದ ಶತಕೋಟಿ ಎಂಬ ನ್ಯಾಯಗ್ರಂಥವನ್ನು ಖಂಡಿಸಿ ಶತಕೋಟಿಖಂಡನವೆಂಬ ಗ್ರಂಥವೂ ಹುಟ್ಟಿತು. ಗ್ರಂಥಕ್ಕೆ ಖಂಡನ ಹುಟ್ಟುವುದು ಅಲ್ಲಿ ಅಪಮಾನವಲ್ಲ, ಮರ್ಯಾದೆ. ಕಂಠಪಾಠದಿಂದ ಹೊರಟ ಬಾಲಕನು ಇಲ್ಲಿಗೆ ಬಂದು ಮುಟ್ಟುತ್ತಿದ್ದನೆಂದ ಮೇಲೆ, ಕಂಠಪಾಠವೇ ಬುದ್ಧಿಯನ್ನು ಕೊಲ್ಲುತ್ತದೆಂಬ ವಾದವು ನಿಲ್ಲಲಾರದು. ಆದರೆ ಈ ಬಾಗಿಲು ತೆರೆದಿದ್ದುದು ಬಹುಮಟ್ಟಿಗೆ ಬ್ರಾಹ್ಮಣ ಪುರುಷರಿಗೆ ಮಾತ್ರ.

ಎರಡನೆಯ ಸ್ಥಳ ಊರಿನ ಜಗಲಿ ಅಥವಾ ದೇವಸ್ಥಾನದ ಪಡಸಾಲೆ. ಸುಗ್ಗಿ ಮುಗಿದ ಮೇಲೆ ರಾತ್ರಿ ದೀಪವಿಟ್ಟು ಕುಮಾರವ್ಯಾಸನ ಭಾರತವನ್ನೋ ಜೈಮಿನಿ ಭಾರತವನ್ನೋ ಒಬ್ಬರು ರಾಗವಾಗಿ ಓದುವುದು, ಇನ್ನೊಬ್ಬರು ಅರ್ಥ ಹೇಳುವುದು ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಬಹುಕಾಲ ನಡೆದುಬಂದ ಪದ್ಧತಿ. ಮಠದಲ್ಲಿ ಹತ್ತು ವರ್ಷದವನಾಗಿದ್ದಾಗ ಬಾಯಿಗೆ ಬಂದಿದ್ದ ಪದ್ಯಕ್ಕೆ ರೈತನಾದ ಮೇಲೆ ಇಲ್ಲಿ ಅರ್ಥ ದೊರೆಯುತ್ತಿತ್ತು. ಅರ್ಥದೊಡನೆ ಚರ್ಚೆಯೂ ಹುಟ್ಟುವುದು ಸಹಜ. ಜೂಜಿನಲ್ಲಿ ತನ್ನನ್ನೇ ಸೋತವನಿಗೆ ಹೆಂಡತಿಯನ್ನು ಪಣವಿಡುವ ಅಧಿಕಾರವುಂಟೆ? ಕರ್ಣನು ಅನ್ನದ ಋಣವನ್ನು ಹಿಡಿದದ್ದು ಧರ್ಮವೆ? ದ್ರೌಪದಿಯ ಪ್ರಶ್ನೆಗೆ ಕೌರವಸಭೆಯೇ ಉತ್ತರ ಕೊಡದೆ ಹೋದಾಗ ಜಗಲಿಯ ಸಭೆ ಸುಮ್ಮನಿದ್ದೀತೆ? ಅಕ್ಷರ ಬಾರದವರೂ ಈ ಚರ್ಚೆಯಲ್ಲಿ ಪಾಲುಗೊಳ್ಳಬಹುದಾಗಿತ್ತು ಎಂಬುದನ್ನು ನಾವು ಮುಖ್ಯವೆಂದು ಭಾವಿಸುತ್ತೇವೆ. ಹಾಗೆಂದು ಜಗಲಿಯನ್ನು ಅತಿಯಾಗಿ ಹೊಗಳುವುದೂ ಸಲ್ಲದು. ಅಲ್ಲಿ ಜಾತಿಗೊಂದು ದೂರವಿತ್ತು. ಹೆಂಗಸರು ಬಾಗಿಲ ಮರೆಯಲ್ಲಿ ಕುಳಿತು ಕೇಳಬೇಕಾಗಿತ್ತು. ಬಳ್ಳಾರಿಯ ೬,೬೪೧ ಮಂದಿಯಲ್ಲಿ ಹುಡುಗಿಯರು ಕೇವಲ ೬೦ ಎಂಬ ಅಂಕಿಯನ್ನು ಇಲ್ಲಿ ನೆನೆಯಬೇಕು.

ಮನಶ್ಶಾಸ್ತ್ರಜ್ಞರ ಅಭಿಪ್ರಾಯವನ್ನು ಸಂಕ್ಷೇಪವಾಗಿ ನೋಡಬಹುದು. ಕಣ್ಣಿಗೆ ಕಾಣದುದನ್ನು ಊಹಿಸಿ, ಹೀಗಿದ್ದರೆ ಹೀಗಾದೀತು ಎಂದು ತರ್ಕಿಸುವ ಶಕ್ತಿ ಸುಮಾರು ಹನ್ನೊಂದು ಹನ್ನೆರಡರ ಪ್ರಾಯದಿಂದ ಮೂಡುತ್ತದೆಂದು ಪಿಯಾಜೆ ಹೇಳಿದನು. ಅದು ವಯಸ್ಸಿನೊಡನೆ ತಾನಾಗಿ ಎಲ್ಲರಿಗೂ ಬರುವುದಿಲ್ಲ, ಅಭ್ಯಾಸವನ್ನೂ ವಿಷಯಪರಿಚಯವನ್ನೂ ಅವಲಂಬಿಸಿದೆ ಎಂದು ಮುಂದಿನವರು ತಿದ್ದಿದರು. ಲೈಬೀರಿಯದ ವಾಯಿ ಜನರು ತಮ್ಮದೇ ಲಿಪಿಯನ್ನು ಶಾಲೆಯಿಲ್ಲದೆಯೇ ಕಲಿಯುತ್ತಿದ್ದವರು. ಅವರನ್ನು ಪರಿಶೀಲಿಸಿದ ಸ್ಕ್ರಿಬ್ನರ್ ಮತ್ತು ಕೋಲ್ ೧೯೮೧ರ ತಮ್ಮ ಗ್ರಂಥದಲ್ಲಿ, ಅಕ್ಷರಜ್ಞಾನ ಮಾತ್ರದಿಂದ ತರ್ಕಶಕ್ತಿ ಒಟ್ಟಾರೆ ಹೆಚ್ಚುವುದು ಕಾಣಲಿಲ್ಲವೆಂದೂ ಕಾರಣವನ್ನು ಮಾತಿನಲ್ಲಿ ವಿವರಿಸುವ ಸಾಮರ್ಥ್ಯವು ಶಾಲೆಯಲ್ಲಿ ಕಲಿತವರಲ್ಲಿ ಹೆಚ್ಚಾಗಿತ್ತೆಂದೂ ತೋರಿಸಿದರು. ಏಕೆ ಎಂದು ಕೇಳುವ, ಉತ್ತರವನ್ನು ನಿರೀಕ್ಷಿಸುವ ಅಭ್ಯಾಸವಿದ್ದಲ್ಲಿ ಆ ಸಾಮರ್ಥ್ಯವು ಬೆಳೆಯುತ್ತದೆಂದು ನಾವು ಇದರಿಂದ ತಿಳಿಯುತ್ತೇವೆ. ಕ್ಯಾಂಬೆಲನ ವರದಿಯನ್ನು ಈ ಬೆಳಕಿನಲ್ಲಿ ಓದಿದರೆ, ಮಠದ ದೋಷ ಪದ್ಯದಲ್ಲಿಯೂ ಇರಲಿಲ್ಲ, ನೆನಪಿನಲ್ಲಿಯೂ ಇರಲಿಲ್ಲ; ಅರ್ಥ ಹೇಳಬಲ್ಲ ಉಪಾಧ್ಯಾಯನಿಲ್ಲದುದರಲ್ಲಿ ಇತ್ತು.

೧೮೬೮ರಲ್ಲಿ ಬಿ. ಎಲ್. ರೈಸರು ಹೋಬಳಿಗೊಂದು ಶಾಲೆಯೆಂಬ ಯೋಜನೆಯನ್ನು ಮೈಸೂರು ಸರ್ಕಾರದ ಮುಂದಿಟ್ಟಾಗ ಮುಟ್ಟಿದ್ದು ಈ ಕೊರತೆಯನ್ನೇ. ಹಳೆಯ ಮಠಗಳ ಉಪಾಧ್ಯಾಯರನ್ನು ತಳ್ಳಿಹಾಕದೆ ಅವರಿಗೆ ತರಬೇತು ಕೊಟ್ಟು ಕೆಲಸಕ್ಕೆ ತೆಗೆದುಕೊಳ್ಳುವುದು ಅದರ ಒಂದು ಅಂಶ. ಹುತ್ರಿದುರ್ಗದಂಥ ಹೋಬಳಿಗಳಿಗೆ ಸರ್ಕಾರದ ಕನ್ನಡ ಶಾಲೆಯನ್ನು ತಲುಪಿಸುವ ದಾರಿ ಹೀಗೆ ತೆರೆಯಿತು. ೧೯೧೩ರ ಪ್ರಾಥಮಿಕ ಶಿಕ್ಷಣದ ಕಾನೂನು ಕಡ್ಡಾಯ ಶಿಕ್ಷಣಕ್ಕೆ ಎಡೆಮಾಡಿತು. ಜಾತಿಯ ಮತ್ತು ಹೆಣ್ಣುಗಂಡಿನ ಬೇಲಿಗಳು ನಿಧಾನವಾಗಿಯಾದರೂ ಸಡಿಲವಾದದ್ದು ಈ ಶಾಲೆಗಳಿಂದಲೇ ಎಂಬುದನ್ನು ಕೃತಜ್ಞತೆಯಿಂದ ಒಪ್ಪಬೇಕು. ಪದ್ಯವು ಹಿಂದೆ ಸರಿದು ಗದ್ಯದ ಪಾಠ ಬಂದಿತು. ಮನೆಯ ಮಾತಿಗೂ ಪುಸ್ತಕದ ಮಾತಿಗೂ ಇದ್ದ ದೂರ ಕಡಮೆಯಾಯಿತು. ಆದರೆ ಪರೀಕ್ಷೆಯೂ ಬಂದಿತು. ಕೂಲಿಮಠದ ಹುಡುಗನು ಅರ್ಥವಿಲ್ಲದೆ ಪದ್ಯವನ್ನು ಒಪ್ಪಿಸಿದರೆ, ಇಂದಿನ ವಿದ್ಯಾರ್ಥಿಯು ಗೈಡಿನಲ್ಲಿ ಅಚ್ಚಾದ ಅರ್ಥವನ್ನೇ ಬಾಯಿಪಾಠ ಮಾಡಿ ಒಪ್ಪಿಸುವುದನ್ನು ಉತ್ತರಪತ್ರಿಕೆಗಳನ್ನು ತಿದ್ದುವ ನಾವು ವರ್ಷವರ್ಷವೂ ಕಾಣುತ್ತಿದ್ದೇವೆ. ಹಿಂದಿನವನ ನೆನಪಿನಲ್ಲಿ ಪದ್ಯವಾದರೂ ಉಳಿದು, ಜಗಲಿಯ ಅರ್ಥಕ್ಕಾಗಿ ಇಪ್ಪತ್ತು ವರ್ಷ ಕಾದಿರುತ್ತಿತ್ತು. ಗೈಡಿನ ಉತ್ತರವು ಪರೀಕ್ಷೆ ಮುಗಿದ ವಾರದಲ್ಲಿಯೇ ಮರೆತುಹೋಗುತ್ತದೆ.