ಕುರ್ಚಿ ಇಲ್ಲದ ಹೋಟೆಲಿನ ಕಥೆ

ಬೆಂಗಳೂರಿನ ಯಾವುದಾದರೂ ಹಳೆಯ ಬಡಾವಣೆಯಲ್ಲಿ ಬೆಳಿಗ್ಗೆ ಏಳೂವರೆಗೆ ಒಂದು ದರ್ಶಿನಿಯ ಮುಂದೆ ನಿಂತು ನೋಡಬೇಕು. ಎದೆಮಟ್ಟದ ಸ್ಟೀಲ್ ಮೇಜಿನ ಒಂದು ಬದಿಗೆ ವಾಕಿಂಗ್ ಮುಗಿಸಿ ಬಂದ ನಿವೃತ್ತ ಅಧಿಕಾರಿ, ಇನ್ನೊಂದು ಬದಿಗೆ ಖಾಕಿ ಅಂಗಿಯ ಆಟೋ ಚಾಲಕ, ನಡುವೆ ಕಂಪನಿ ಬಸ್ಸಿಗೆ ಹೊತ್ತಾಯಿತೆಂದು ಅವಸರದಲ್ಲಿ ಇಡ್ಲಿ ಮುರಿಯುತ್ತಿರುವ ಹುಡುಗಿ. ಒಬ್ಬರ ಹೆಸರು ಇನ್ನೊಬ್ಬರಿಗೆ ತಿಳಿಯದು. ಜಾತಿ ವಿಚಾರಿಸುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ಹತ್ತು ನಿಮಿಷದಲ್ಲಿ ಈ ಮೂವರೂ ಹೋಗಿ ಬೇರೆ ಮೂವರು ಬಂದಿರುತ್ತಾರೆ. ಇಷ್ಟು ಜನ ಬಂದುಹೋಗುವ ಜಾಗದಲ್ಲಿ ಕೂರಲು ಒಂದು ಕುರ್ಚಿಯೂ ಇರುವುದಿಲ್ಲ.

ಕುರ್ಚಿ ಹೋದದ್ದು ಹೇಗೆ ಎಂದು ಹುಡುಕುತ್ತ ಹೊರಟರೆ ಈ ಊರಿನ ಅಗ್ಗದ ತಿಂಡಿಯ ಇತಿಹಾಸವೇ ಬಿಚ್ಚಿಕೊಳ್ಳುತ್ತದೆ. ಗಿರಾಕಿ ಗಲ್ಲಾದಲ್ಲಿ ಕೊಡದೆ ಉಳಿಸಿಕೊಂಡ ಕಾಸನ್ನು ಬೇರೆ ಯಾರಾದರೂ ಯಾವುದಾದರೂ ರೂಪದಲ್ಲಿ ಕೊಟ್ಟೇ ಇರುತ್ತಾರೆ. ಆ 'ಬೇರೆಯವರು' ಕಾಲಕಾಲಕ್ಕೆ ಬದಲಾಗಿದ್ದಾರೆ, ಅಷ್ಟೆ.

ಮೊದಲು ಕೊಟ್ಟವರು ಕರಾವಳಿಯ ಹುಡುಗರು. ಕಳೆದ ಶತಮಾನದ ಇಪ್ಪತ್ತರ ದಶಕದಲ್ಲಿ ಬೆಂಗಳೂರಿನ ಅನುಕೂಲಸ್ಥರ ಮನೆಗಳಿಗೆ ಅಡುಗೆ ಕೆಲಸಕ್ಕೆಂದು ಉಡುಪಿ, ಕುಂದಾಪುರದ ಕಡೆಯ ಬ್ರಾಹ್ಮಣರು ಬರುತ್ತಿದ್ದರು. ಕೋಟದ ಬಳಿಯ ಪಾರಂಪಳ್ಳಿಯಿಂದ ಹಾಗೆ ಬಂದ ಪರಮೇಶ್ವರ ಮಯ್ಯ ಮತ್ತು ಅವರ ಸಹೋದರರು 1924ರಲ್ಲಿ ಒಂದು ಪುಟ್ಟ ಹೋಟೆಲು ತೆರೆದರು. ಅದರ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. 1960ರಲ್ಲಿ ಲಾಲ್‌ಬಾಗ್ ರಸ್ತೆಗೆ ಬಂದು ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಜನರ ಬಾಯಲ್ಲಿ ಎಂಟಿಆರ್. ಎರಡನೇ ಮಹಾಯುದ್ಧದಲ್ಲಿ ಅಕ್ಕಿಗೆ ತತ್ವಾರ ಬಂದಾಗ ರವೆಯಲ್ಲೇ ಇಡ್ಲಿ ಮಾಡಿ ರವೆ ಇಡ್ಲಿಗೆ ಜನ್ಮ ಕೊಟ್ಟವರು ತಾವೇ ಎಂದು ಮಯ್ಯರ ಮನೆಯವರು ಹೇಳಿಕೊಳ್ಳುತ್ತಾರೆ. ಯುದ್ಧ ಇನ್ನೂ ಮುಗಿದಿರದ ಆ ದಿನಗಳಲ್ಲೇ ಗಾಂಧಿಬಜಾರಿನ ವಿದ್ಯಾರ್ಥಿ ಭವನವೂ ಶುರುವಾಯಿತು. ಹೆಸರೇ ಹೇಳುವಂತೆ ಅದು ಮೊದಲು ಕಣ್ಣಿಟ್ಟದ್ದು ಹುಡುಗರ ಜೇಬಿನ ಚಿಲ್ಲರೆಯ ಮೇಲೆ.

ಈ ಹೋಟೆಲುಗಳಲ್ಲಿ ಮೇಜು, ಕುರ್ಚಿ, ಬೆಂಚುಗಳೆಲ್ಲ ಇದ್ದವು. ಇರುವ ತಿಂಡಿಗಳ ಪಟ್ಟಿಯನ್ನು ಒಂದೇ ಉಸಿರಿಗೆ ಒಪ್ಪಿಸುವ ಸಪ್ಲಯರ್ ಇದ್ದ. ಲೋಟ ತೊಳೆಯಲು, ಮೇಜು ಒರೆಸಲು 'ಮಾಣಿ' ಇದ್ದ. ಈ ಮಾಣಿ ಹೆಚ್ಚಾಗಿ ಮಾಲೀಕರ ಊರಿನವನೇ, ದೂರದ ನೆಂಟನೂ ಆಗಿರಬಹುದು. ಮನೆಯಲ್ಲಿ ತಿನ್ನುವ ಬಾಯಿಗಳು ಹೆಚ್ಚಾಗಿ, ಶಾಲೆ ಅರ್ಧಕ್ಕೆ ನಿಂತು, ಯಾರದೋ ಕೈಹಿಡಿದು ಘಟ್ಟ ಹತ್ತಿದವನು. ಎರಡು ಹೊತ್ತಿನ ಊಟ, ರಾತ್ರಿ ಹೋಟೆಲಿನಲ್ಲೇ ಒಂದು ಚಾಪೆ, ಊರಿಗೆ ಕಳಿಸಲು ನಾಲ್ಕು ಕಾಸು: ಅವನ ಸಂಬಳವೆಂದರೆ ಇದು. ಕ್ಲೀನರ್ ಆಗಿ ಸೇರಿ, ಸಪ್ಲಯರ್ ಆಗಿ, ಗಲ್ಲಾ ಹಿಡಿದು, ಕೊನೆಗೆ ಸ್ವಂತ ಹೋಟೆಲಿಟ್ಟವರ ಸಾಹಸಗಾಥೆಗಳು ಕರಾವಳಿಯ ಮನೆಮನೆಯಲ್ಲೂ ಉಂಟು. ಲೋಟ ತೊಳೆಯುತ್ತಲೇ ಉಳಿದವರ ಕಥೆಯನ್ನು ಯಾರೂ ಹೇಳಲು ಹೋಗಲಿಲ್ಲ. ಬಾಲಕಾರ್ಮಿಕ ನಿಷೇಧ ಕಾಯಿದೆ 1986ರಲ್ಲೇ ಬಂದರೂ ಹೋಟೆಲು, ಢಾಬಾಗಳು ನಿಷೇಧದ ಪಟ್ಟಿಗೆ ಸೇರಿದ್ದು 2006ರ ಅಕ್ಟೋಬರ್ 10ರಂದು. ನಡುವಿನ ಆ ಇಪ್ಪತ್ತು ವರ್ಷ ಕಾಫಿ ಕುಡಿದವರೆಲ್ಲ ಯಾವುದಾದರೊಂದು ಮಾಣಿಯ ಮುಖ ನೋಡಿಯೇ ಇರುತ್ತಾರೆ.

ಇನ್ನು ಆ ಕುರ್ಚಿಗಳಲ್ಲಿ ಕೂರುವ ಹಕ್ಕು ಎಲ್ಲರಿಗೂ ಸಮನಾಗಿ ಇತ್ತೇ? ಬ್ರಾಹ್ಮಣರಿಗೆ ಬೇರೆ ಜಾಗ, ಉಳಿದವರಿಗೆ ಬೇರೆ, ದಲಿತರಿಗೆ ಬಾಗಿಲ ಹೊರಗೆ ಎಂಬ ಏರ್ಪಾಡು ದಕ್ಷಿಣದ ಹೋಟೆಲುಗಳಲ್ಲಿ ಅಪರೂಪವೇನಾಗಿರಲಿಲ್ಲ. ಸಂವಿಧಾನದ 15ನೇ ವಿಧಿ ಮೂಲಭೂತ ಹಕ್ಕಿನ ಮಾತಾಡುತ್ತ ಅಂಗಡಿ, ಹೋಟೆಲು, ಬಾವಿ, ಕೆರೆಗಳನ್ನು ಹೆಸರಿಟ್ಟು ಹೇಳಿರುವುದು ಸುಮ್ಮನೆ ಅಲ್ಲ. ಅಸ್ಪೃಶ್ಯತೆ ಆಚರಿಸಿದರೆ ಶಿಕ್ಷೆ ಎಂಬ ಕಾನೂನು ಬಂದದ್ದು 1955ರಲ್ಲಿ. ಈ ಸಸ್ಯಾಹಾರಿ ಹೋಟೆಲುಗಳ ಬೆಂಚಿನ ಗೊಡವೆಗೇ ಹೋಗದೆ ಮುದ್ದೆ, ಮಟನ್ ಸಾರು, ಕಾಲು ಸೂಪಿಗೆ ಬೇರೆ ಬಾಗಿಲು ತೆರೆದವು ಮಿಲಿಟರಿ ಹೋಟೆಲುಗಳು. ಪೇಟೆಯ ಕೂಲಿಗಳು, ವ್ಯಾಪಾರಿಗಳು ಹೊಟ್ಟೆತುಂಬ ಉಂಡದ್ದು ಅಲ್ಲಿ. ಬೆಂಗಳೂರಿನ ಹೋಟೆಲು ಚರಿತ್ರೆ ಎಂದರೆ ದೋಸೆಯ ಚರಿತ್ರೆ ಎಂದು ಬರೆಯುವವರು ಇದನ್ನು ಮರೆಯುವುದೇ ಹೆಚ್ಚು.

ಹೆಂಗಸರಿಗೂ ಒಂದು ಏರ್ಪಾಡಿತ್ತು: ಪರದೆ ಇಳಿಬಿಟ್ಟ 'ಫ್ಯಾಮಿಲಿ ರೂಮು'. ಒಂಟಿಯಾಗಿ ಹೋಟೆಲಿಗೆ ಹೋಗಿ ದೋಸೆ ತಿಂದ ಹೆಂಗಸನ್ನು ಬೀದಿಯವರು ಎರಡು ಬಾರಿ ತಿರುಗಿ ನೋಡುತ್ತಿದ್ದ ಕಾಲವದು.

ದುಡಿಯುವವರೇ ಒಡೆಯರಾದ ಉದಾಹರಣೆಯೂ ಇಲ್ಲೇ ಇದೆ. ಕಾಫಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚಿ ನೌಕರರನ್ನು ಮನೆಗೆ ಕಳಿಸಲು ಹೊರಟಾಗ, ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಬೆಂಬಲದಿಂದ ನೌಕರರು ಸಹಕಾರ ಸಂಘ ಕಟ್ಟಿಕೊಂಡರು. ಅಂಥ ಮೊದಲ ಸಂಘ 1957ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ. ಒಂದು ಕಾಫಿ ಹಿಡಿದು ತಾಸುಗಟ್ಟಲೆ ಕೂತರೂ ಎಬ್ಬಿಸದ ಹೋಟೆಲು ಎಂಬ ಖ್ಯಾತಿ ಅದಕ್ಕೆ ಬಂತು. ಮಹಾತ್ಮ ಗಾಂಧಿ ರಸ್ತೆಯಲ್ಲಿದ್ದ ಅದರ ಶಾಖೆ 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಸರಿಯಿತು.

ಬೆಲೆಯ ಪ್ರಶ್ನೆ ಬೀದಿಗೆ ಬಂದದ್ದು ತುರ್ತು ಪರಿಸ್ಥಿತಿಯಲ್ಲಿ. 1975ರ ನಂತರ ಹೋಟೆಲು ತಿಂಡಿಗಳ ಬೆಲೆ ಇಳಿಸಬೇಕೆಂಬ ಸರ್ಕಾರಿ ಕಟ್ಟಪ್ಪಣೆ ಬಂತು. ಗಿರಾಕಿಗೆ ಖುಷಿಯೇ ಖುಷಿ. ಆದರೆ ತುಪ್ಪ, ಬೇಳೆ, ಕಾಫಿಬೀಜದ ಬೆಲೆ ಹೋಟೆಲಿನವರ ಮಾತು ಕೇಳುವುದಿಲ್ಲವಲ್ಲ! ಗುಣ ಕೆಡಿಸಿ ಕೊಡಲು ಮನಸ್ಸಾಗದೆ ಎಂಟಿಆರ್ ಬಾಗಿಲು ಹಾಕಿತು. ನೌಕರರಿಗೆ ಕೆಲಸ ಉಳಿಸಲು ಪುಡಿಗಳು, ದಿಢೀರ್ ತಿಂಡಿಯ ಮಿಶ್ರಣಗಳ ಪೊಟ್ಟಣ ಮಾರುವ ದಾರಿ ಹಿಡಿಯಿತು. ಆ ಪೊಟ್ಟಣದ ವ್ಯಾಪಾರವೇ ದೊಡ್ಡ ಕಂಪನಿಯಾಗಿ ಬೆಳೆದು 2007ರಲ್ಲಿ ನಾರ್ವೆ ದೇಶದ ಓರ್ಕ್ಲಾ ಸಂಸ್ಥೆಯ ಪಾಲಾಯಿತು. ಮುಚ್ಚಿದ ಹೋಟೆಲು ಮತ್ತೆ ತೆರೆದು ಇಂದಿಗೂ ಮಯ್ಯರ ಕುಟುಂಬದ ಕೈಯಲ್ಲಿದೆ.

ಅಷ್ಟರಲ್ಲಿ ಊರು ಬೇರೆಯಾಗಿತ್ತು. ಎಚ್‌ಎಎಲ್, ಐಟಿಐ, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳು ದೇಶದ ಮೂಲೆಮೂಲೆಯಿಂದ ಜನರನ್ನು ಕರೆತಂದಿದ್ದವು. 1971ರಲ್ಲಿ ಸುಮಾರು 16.5 ಲಕ್ಷವಿದ್ದ ಜನಸಂಖ್ಯೆ 1981ಕ್ಕೆ 29 ಲಕ್ಷ ದಾಟಿತ್ತು. ಅಂಗಡಿ ಬಾಡಿಗೆ ಏರಿತು, ಬೆಳಗಿನ ಹೊತ್ತು ಕಿರಿದಾಯಿತು. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರು ಕೆಫೆ ದರ್ಶಿನಿ ಶುರುಮಾಡಿದಾಗ ಈ ಎರಡಕ್ಕೂ ಒಟ್ಟಿಗೆ ಉತ್ತರ ಸಿಕ್ಕಿತು. ಮೊದಲು ಹಣ ಕೊಡಿ, ಚೀಟಿ ತನ್ನಿ, ನೀವೇ ತಟ್ಟೆ ಎತ್ತಿಕೊಳ್ಳಿ, ನಿಂತು ತಿನ್ನಿ. ಸಪ್ಲಯರ್ ಹೋದ, ಕುರ್ಚಿ ಹೋಯಿತು. ಅಡುಗೆಮನೆಯ ಗೋಡೆಯೂ ಹೋಗಿ, ದೋಸೆ ಹುಯ್ಯುವ ಭಟ್ಟರು ಗಿರಾಕಿಯ ಕಣ್ಣೆದುರಿಗೇ ಬಂದರು. ದರ್ಶಿನಿ ಎಂಬ ಹೆಸರಿಗೆ ಒಪ್ಪುವಂತೆ ಎಲ್ಲವೂ ಬಟ್ಟಬಯಲು.

ಲೆಕ್ಕ ಸರಳ. ಕೂತವನು ಅರ್ಧ ಗಂಟೆ ಏಳುವುದಿಲ್ಲ. ನಿಂತವನು ಹತ್ತು ನಿಮಿಷಕ್ಕೆ ಹೊರಡುತ್ತಾನೆ. ಒಬ್ಬನ ಜಾಗದಲ್ಲಿ ಮೂವರ ವ್ಯಾಪಾರ. ತಿಂಡಿಗಳೂ ಈ ಅವಸರಕ್ಕೆ ಹೊಂದುವಂಥವೇ: ಇಡ್ಲಿ ವಡೆ, ಖಾರಾಬಾತ್, ಕೇಸರಿಬಾತ್, ಎರಡೂ ಸೇರಿದರೆ ಚೌಚೌ ಬಾತ್, ಸೆಟ್ ದೋಸೆ. ಇಡ್ಲಿ ಕೊಡುವವನು ಕೇಳುವ ಪ್ರಶ್ನೆ ಒಂದೇ: ಸಾಂಬಾರು ಡಿಪ್ಪಾ, ಸಪರೇಟಾ? ಇಷ್ಟು ಅಗ್ಗವಿದ್ದರೂ ಇನ್ನೂ ಅಗ್ಗ ಮಾಡಿಕೊಳ್ಳಲು ಬೈಟು ಕಾಫಿ ಉಂಟು. ಅದಕ್ಕೆ ಯಾವ ಮಾಲೀಕರೂ ಮುಖ ಸಿಂಡರಿಸುವುದಿಲ್ಲ.

ಕುರ್ಚಿಯ ಜೊತೆಗೆ ಯಾರೂ ಲೆಕ್ಕಹಾಕದ ಇನ್ನೆರಡು ಸಂಗತಿಗಳು ಹೋದವು. ಯಾರು ಎಲ್ಲಿ ಕೂರಬೇಕು ಎಂಬ ಪ್ರಶ್ನೆ ಏಳದಾಯಿತು. ಪರದೆಯ ಕೋಣೆಗೂ ಜಾಗವಿಲ್ಲವಾಗಿ, ಕೆಲಸಕ್ಕೆ ಹೋಗುವ ಹೆಂಗಸರು ಎಲ್ಲರ ನಡುವೆ ನಿಂತು ತಿಂದರು. ಕಾನೂನು ದಶಕಗಳ ಕಾಲ ಹೆಣಗಿದ್ದನ್ನು ಒಂದಿಷ್ಟು ಸ್ಟೀಲು ಮೇಜುಗಳು ಸದ್ದಿಲ್ಲದೆ ಮಾಡಿದವು ಎಂದರೆ ಸ್ವಲ್ಪ ಅತಿಶಯೋಕ್ತಿ, ಪೂರ್ತಿ ಸುಳ್ಳಲ್ಲ. ಆದರೆ ಮಂಡಿ ನೋವಿನ ಅಜ್ಜಿಗೆ, ಮಗುವನ್ನು ಎತ್ತಿಕೊಂಡ ತಾಯಿಗೆ ದರ್ಶಿನಿಯ ಮೇಜು ಎಟುಕುವುದಿಲ್ಲ. ಅವರು ತಟ್ಟೆ ಹಿಡಿದು ಪಕ್ಕದ ಅಂಗಡಿಯ ಮೆಟ್ಟಿಲು ಹುಡುಕುತ್ತಾರೆ. ಪಾತ್ರೆ ತೊಳೆಯುವ ಮೂಲೆಯೂ ಖಾಲಿಯಾಗಲಿಲ್ಲ. ಮಾಣಿಯ ಜಾಗಕ್ಕೆ ಉತ್ತರ ಕರ್ನಾಟಕದಿಂದ, ಒಡಿಶಾದಿಂದ, ಈಶಾನ್ಯ ರಾಜ್ಯಗಳಿಂದ ಬಂದವರು ನಿಂತರು.

ಅಗ್ಗದ ತಟ್ಟೆಯ ಹಣವನ್ನು ಸರ್ಕಾರವೇ ಕೊಟ್ಟದ್ದು ತೀರ ಈಚೆಗೆ. ಚೆನ್ನೈನಲ್ಲಿ 2013ರಲ್ಲಿ ಆರಂಭವಾದ ಅಮ್ಮ ಉಣವಗಂ ಮಾದರಿಯಲ್ಲಿ 2017ರ ಆಗಸ್ಟ್ 16ರಂದು ಬೆಂಗಳೂರಿನಲ್ಲಿ ಇಂದಿರಾ ಕ್ಯಾಂಟೀನುಗಳು ತೆರೆದವು. ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ, ಉಳಿದದ್ದು ಸರ್ಕಾರದ ಬೊಕ್ಕಸದಿಂದ. ಅಲ್ಲಿಯೂ ಚೀಟಿ ಪಡೆದು, ನಿಂತು ತಿನ್ನುವ ದರ್ಶಿನಿ ಪದ್ಧತಿಯೇ.

ಈಗ ಕುರ್ಚಿ ಹಿಂದಿರುಗುತ್ತಿದೆ. ಹಲವು ದರ್ಶಿನಿಗಳು ಮಹಡಿಯ ಮೇಲೆ 'ಸರ್ವಿಸ್' ವಿಭಾಗ ತೆರೆದಿವೆ. ಅಲ್ಲಿ ಮೇಜಿದೆ, ಕುರ್ಚಿಯಿದೆ, ಬೇಕಾದ್ದು ಕೇಳಿ ತಂದುಕೊಡಲು ಸಪ್ಲಯರ್ ಇದ್ದಾನೆ. ದೋಸೆ ಕೆಳಗಿನ ಕಾವಲಿಯದೇ, ಚಟ್ನಿಯೂ ಅದೇ. ಬೆಲೆ ಮಾತ್ರ ಬೇರೆ, ಮೆಟ್ಟಿಲ ಬುಡದಲ್ಲೇ ಎರಡು ಪಟ್ಟಿ ಅಕ್ಕಪಕ್ಕ ತೂಗುಹಾಕಿರುತ್ತಾರೆ.